ಎಡಗಡೆಯ ಮಡ್‌ಗಾರ್ಡು

"ಇವತ್ತು ಕಾರ್ ಮೇಳಕ್ಕೆ ಬರ್ತೀನಿ. ವೇಲ್ಸ್ ವಿಚಾರ ಆಮೇಲೆ ನೋಡೋಣ," ಎಂದು ಗ್ಲೆನಿಸ್ ಬೇಯಿಸಿದ ಮೊಟ್ಟೆಯ ತಲೆ ಒಡೆಯುತ್ತ ಹೇಳಿದ್ದು ಒಪ್ಪಿಗೆಯೋ ಎಚ್ಚರಿಕೆಯೋ ತಿಳಿಯದೆ ರೋಲಂಡ್ ಬೆಬ್ ಬೆಳಿಗ್ಗೆಯಿಂದ ಕೈಯಲ್ಲೊಂದು ಒರೆಸುವ ಬಟ್ಟೆ ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ನೀರು ಸರಬರಾಜು ಮಂಡಳಿಯಲ್ಲಿ ಊರವರ ಮೀಟರು ಓದಿಕೊಂಡು ಆಯುಷ್ಯ ಸವೆಸಿದ ಅವನಿಗೆ ನಿವೃತ್ತಿಯಾದ ಮೇಲೆ ಇದ್ದದ್ದು ಒಂದೇ ಆಸೆ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವೇಲ್ಸಿನ ಕಡಲಂಚಿನ ರಸ್ತೆಗಳಲ್ಲಿ, ಕಂಡ ಕಂಡ ಸಣ್ಣ ಹೋಟೆಲಿನಲ್ಲಿ ತಂಗುತ್ತ, ಕಾಗದದಲ್ಲಿ ಸುತ್ತಿ ಕೊಟ್ಟ ಮೀನು ತಿನ್ನುತ್ತ ಈ ಕಾರಿನಲ್ಲಿ ಹೋಗಬೇಕು. ಈ ಕಾರಿನಲ್ಲೇ ಹೋಗಬೇಕು, ಅದು ಮುಖ್ಯ. ಅವಳು ದಿನಾ ಅಂಗಡಿಗೆ ಓಡಿಸುವ ಪುಟಾಣಿ ಕೆಂಪು ಕಾರಿನಲ್ಲಿ ವೇಲ್ಸಿಗೇನು, ಚಂದ್ರಲೋಕಕ್ಕೆ ಬೇಕಾದರೂ ಅವಳು ಬರುತ್ತಿದ್ದಳು. ಆದರೆ ಅದರಲ್ಲಿ ಹೋದರೆ ಅದು ಬರೀ ಹೋಗಿ ಬಂದ ಹಾಗೆ. ಅವನು ಕಟ್ಟಿದ ಕಾರಿನಲ್ಲಿ ಅವಳು ಕೂತದ್ದು ಒಂದೇ ಸಲ, ಅದು ಮೊದಲು ರಸ್ತೆಗಿಳಿದ ದಿನ. ಚರ್ಚಿನ ತಿರುವಿನವರೆಗೆ ಬಂದು, "ನಿಲ್ಲಿಸು," ಎಂದು ಇಳಿದು, ಬಸ್ಸು ಹಿಡಿದು ಮನೆಗೆ ಹೋಗಿಬಿಟ್ಟಿದ್ದಳು. ಯಾಕೆ ಅಂತ ರೋಲಂಡ್ ಕೆದಕಲು ಹೋಗಲಿಲ್ಲ. ಕೆದಕುವುದೇನು, ಅವನಿಗೆ ಗೊತ್ತಿತ್ತಲ್ಲ. ನಾಚಿಕೆ. ಅವಳ ಅಕ್ಕ ಮೆರಿಲ್ ಅದೇ ವಾರ ಕಾರನ್ನು ನೋಡಿ, "ಬಕೆಟ್ಟಿಗೆ ದೀಪ ಹಚ್ಚಿದ ಹಾಗಿದೆ," ಅಂದಿದ್ದಳು, ಗ್ಲೆನಿಸ್ ನಕ್ಕಿದ್ದಳು. ಆ ನಗು ಇವತ್ತಿಗೂ ಅವನ ಕಿವಿಯಲ್ಲಿ ಒದ್ದೆ ಬಟ್ಟೆಯ ಹಾಗೆ ಅಂಟಿಕೊಂಡಿದೆ.

ದೂರದಿಂದ ನೋಡಿದರೆ ಯಾರೂ ಹಾಗನ್ನುವುದಿಲ್ಲ. ನೀಳವಾದ ಮೂತಿ, ಎರಡು ದೊಡ್ಡ ದೀಪ, ತಂತಿ ಕಡ್ಡಿಗಳ ಗಾಲಿ, ಮುಂದಿನ ಚಕ್ರದ ಮೇಲಿಂದ ಬಾಗಿ ಹಿಂದಕ್ಕೆ ಇಳಿಯುವ ಮಡ್‌ಗಾರ್ಡು, ಕಡು ಹಸಿರು ಬಣ್ಣ. ಮಹಾಯುದ್ಧಕ್ಕೆ ಮುಂಚಿನ ಯಾವನೋ ಸಾಹುಕಾರ ಈಗ ತಾನೇ ಇಳಿದು ಒಳಗೆ ಹೋಗಿದ್ದಾನೆ ಅನ್ನಬೇಕು. ಹತ್ತಿರ ಬಂದು ಬೆರಳ ಗಿಣ್ಣಿನಿಂದ ತಟ್ಟಿದರೆ ಮಾತ್ರ ಮುಗಿಯಿತು, ಡಬ್ ಡಬ್ ಅನ್ನುತ್ತದೆ, ಏಕೆಂದರೆ ಮೈಯೆಲ್ಲ ಫೈಬರ್‌ಗ್ಲಾಸು, ಒಳಗಿರುವುದು ಗುಜರಿಗೆ ಹೋಗಬೇಕಿದ್ದ ಫೋರ್ಡ್ ಒಂದರ ಎಂಜಿನ್ನು. ಈ ತಟ್ಟುವ ಜನ ಇದ್ದಾರಲ್ಲ, ಅವರಿಂದಲೇ ರೋಲಂಡನಿಗೆ ನಿದ್ದೆ ಕೆಟ್ಟದ್ದು. ಪೆಟ್ರೋಲ್ ಬಂಕಿನಲ್ಲಿ ಸುಮ್ಮನೆ ನಿಂತಿದ್ದ ಮುದುಕ ಬರುತ್ತಾನೆ, "ಅಬ್ಬಾ, ಎಂಥಾ ಚಂದ!" ಅನ್ನುತ್ತಾನೆ, ರೋಲಂಡನ ಎದೆ ಅರಳುವಷ್ಟರಲ್ಲಿ ಕೈ ಮಡಚಿ ಎಡಗಡೆಯ ಮಡ್‌ಗಾರ್ಡಿನ ಮೇಲೆ ಡಬ್ ಡಬ್. ಆಮೇಲೆ ಒಂದು "ಓ." ಆ "ಓ" ಇದೆಯಲ್ಲ, ಅದರಷ್ಟು ಸಣ್ಣ ಬೈಗುಳ ಇಂಗ್ಲೆಂಡಿನಲ್ಲೇ ಇನ್ನೊಂದಿಲ್ಲ. ಕೆಲವರು ಇನ್ನೂ ಮುಂದೆ ಹೋಗಿ ಜೇಬಿನಿಂದ ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ ತೆಗೆದು ಇಟ್ಟು ನೋಡುತ್ತಾರೆ. ಅದು ಜಾರಿ ಕೆಳಗೆ ಬಿದ್ದಾಗ ರೋಲಂಡನೇ ಬಗ್ಗಿ ಎತ್ತಿಕೊಡಬೇಕು. ತಟ್ಟುವವರೆಲ್ಲ ಎಡಗಡೆಯ ಮುಂದಿನ ಮಡ್‌ಗಾರ್ಡನ್ನೇ, ಅದರ ಬೆನ್ನಿನ ಅದೇ ಜಾಗದಲ್ಲೇ ತಟ್ಟುತ್ತಾರೆ ಎಂಬುದನ್ನು ಅವನು ಗಮನಿಸಿದ್ದ. ಪಾದಚಾರಿ ದಾರಿ ಆ ಕಡೆಗಿರುತ್ತದೆ, ಕೈ ಸಹಜವಾಗಿ ಅಲ್ಲಿಗೇ ಹೋಗುತ್ತದೆ. ಹಾಗಿದ್ದ ಮೇಲೆ ಆ ಒಂದು ಜಾಗ ಲೋಹದ ಸದ್ದು ಮಾಡಿದರೆ ಸಾಕಲ್ಲ ಎಂದು ಹೊಳೆದ ದಿನ ಅವನು ಅಡುಗೆಮನೆಗೆ ಹೋಗಿ, ಗ್ಲೆನಿಸ್ ಭಾನುವಾರದ ಮಾಂಸ ಬೇಯಿಸುತ್ತಿದ್ದ ಉಕ್ಕಿನ ಟ್ರೇ ತಂದು, ತಟ್ಟಿ ಬಗ್ಗಿಸಿ, ಮಡ್‌ಗಾರ್ಡಿನ ಒಳಮೈಗೆ ರೆಸಿನ್ ಎಂಬ ಅಂಟು ಹಾಕಿ ಅಂಟಿಸಿಬಿಟ್ಟ. ಅವತ್ತಿನಿಂದ ಅಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ, ಆಯಸ್ಕಾಂತವೂ ಕಚ್ಚಿಕೊಳ್ಳುತ್ತದೆ. "ನನ್ನ ದೊಡ್ಡ ಟ್ರೇ ಕಂಡ್ಯಾ?" ಎಂದು ಗ್ಲೆನಿಸ್ ಕೇಳಿದಾಗ ಪೇಪರಿನಿಂದ ತಲೆ ಎತ್ತದೆ, "ಮೆರಿಲ್ ತಗೊಂಡು ಹೋಗಿರ್ಬೇಕು," ಅಂದಿದ್ದ. ಅಕ್ಕತಂಗಿಯರು ಕ್ರಿಸ್ಮಸ್ಸೂ ಸೇರಿ ಆರು ತಿಂಗಳು ಮಾತು ಬಿಟ್ಟಿದ್ದರು.

ಇದನ್ನೆಲ್ಲ ನೆನೆಯುತ್ತ ಅವನು ಅದೇ ಮಡ್‌ಗಾರ್ಡನ್ನು ಮತ್ತೆ ಒರೆಸಿದ. ದೀಪದ ಬುಡದಲ್ಲಿ ಬಣ್ಣದ ಮೇಲೆ ಜೇಡನ ಬಲೆಯಂಥ ಸಣ್ಣ ಬಿರುಕು ಎದ್ದಿತ್ತು. ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲ, ಅದು ಹೀಗೆ ಒಳಗೊಳಗೇ ಕೊರಗುತ್ತದೆ. ಬೆರಳಿಗೆ ಮೇಣ ಹಚ್ಚಿ ಬಿರುಕನ್ನು ಮುಚ್ಚಿದ. ಅಷ್ಟರಲ್ಲಿ ಗ್ಲೆನಿಸ್ ಬಂದಳು. ದಪ್ಪ ಕಾಲುಚೀಲ, ದಪ್ಪ ಸ್ಕರ್ಟು, ಜೂನ್ ತಿಂಗಳಲ್ಲಿ ಕತ್ತಿಗೆ ಉಲ್ಲನ್ ಮಫ್ಲರು. ಮಫ್ಲರನ್ನು ಅವನು ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಮುಖ ಮುಚ್ಚಿಕೊಳ್ಳಲು ತಂದಿದ್ದಾಳೆ.

"ಬಾಗಿಲು ಎಳೆದು ಹಿಡ್ಕೋ, ತಿರುವಿನಲ್ಲಿ ಮಾತ್ರ," ಎಂದ.

"ಗೊತ್ತು, ನಡಿ," ಎಂದಳು.

ಹೋಪ್‌ಸ್ಟೋ ಹಾಲ್ ಬಂಗಲೆಯ ಹಳೆ ಕಾರು ಮೇಳದ ಮೈದಾನಕ್ಕೆ ಅವರ ಊರಿನಿಂದ ಬೆಟ್ಟದ ಬಳಸು ದಾರಿ. ಬೇಲಿಗಳ ನಡುವೆ ಇಳಿಯುವಾಗ ರೋಲಂಡ್ ಬ್ರೇಕು ಒತ್ತಿದ, ಹಾರ್ನು "ಪಿಯ್ಯ್" ಎಂದಿತು. ಗ್ಲೆನಿಸ್ ಅವನ ಕಡೆ ನೋಡಿದಳು. "ಅರ್ತಿಂಗು," ಎಂದ ಅವನು. ಕಬ್ಬಿಣದ ಕಾರಿನಲ್ಲಿ ಮೈಯೇ ಕರೆಂಟನ್ನು ವಾಪಸು ಕರೆದುಕೊಂಡು ಹೋಗುತ್ತದೆ. ಫೈಬರ್‌ಗ್ಲಾಸಿನಲ್ಲಿ ಒಂದೊಂದು ದೀಪಕ್ಕೂ ವಾಪಸು ಹೋಗಲು ಬೇರೆ ವೈರು ಎಳೆಯಬೇಕು, ಅದರಲ್ಲಿ ಒಂದು ಸಡಿಲವಾದರೂ ಕರೆಂಟು ದಾರಿ ತಪ್ಪಿ ಪಕ್ಕದ ಮನೆಯ ಬಾಗಿಲು ಬಡಿಯುತ್ತದೆ. ಎಡಕ್ಕೆ ತಿರುಗುವ ದೀಪ ಹಾಕಿದ, ವೈಪರು ಒಂದು ಸಲ ಎದ್ದು ಮಲಗಿತು. ಇದೆಲ್ಲ ವಿವರಿಸಲೇ ಬೇಡವೇ ಎಂದು ಅವನು ಯೋಚಿಸುತ್ತಿರುವಾಗ ಎದುರಿನಿಂದ ಒಂದು ಹಳೆಯ ಕಾರು ಬಂತು, ಅಸಲಿಯದು, ಹಿತ್ತಾಳೆ ಹೊಳೆಯುತ್ತಿತ್ತು. ಹಳೆ ಕಾರಿನವರು ಎದುರಾದಾಗ ಪರಸ್ಪರ ಕೈ ಬೀಸುವುದು ಇಲ್ಲಿನ ಮರ್ಯಾದೆ. ಅಸಲಿಯವನು ದೂರದಿಂದಲೇ ದೊಡ್ಡದಾಗಿ ಕೈ ಎತ್ತಿದ. ರೋಲಂಡನೂ ಎತ್ತಿದ. ಹತ್ತಿರವಾಗುತ್ತ ಆಗುತ್ತ ಆ ಮನುಷ್ಯನ ಕಣ್ಣು ಮಡ್‌ಗಾರ್ಡಿನ ಮೇಲೆ ಓಡಾಡಿತು, ಎತ್ತಿದ ಕೈ ಅರ್ಧ ದಾರಿಯಲ್ಲಿ ತಿರುಗಿ ಕಿವಿ ಕೆರೆಯಲು ಹೋಯಿತು. ರೋಲಂಡನ ಕೈ ಮಾತ್ರ ಮೇಲೇ ಉಳಿಯಿತು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಅವನು ತಲೆಯ ಟೋಪಿ ಸರಿಮಾಡಿಕೊಂಡ. ಗ್ಲೆನಿಸ್ ನೋಡಿದಳೇ? ನೋಡಿರಬೇಕು. ಅವಳು ಕಾಲುಗಳನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು. ಆಯಿತು, ವೇಲ್ಸ್ ಹೋಯಿತು ಎಂದುಕೊಂಡ.

ಮೈದಾನದ ಗೇಟಿನಲ್ಲಿ ಹಳದಿ ಜಾಕೆಟ್ ತೊಟ್ಟ ಒಬ್ಬ ಹೆಂಗಸು ಐಸ್‌ಕ್ರೀಮ್ ನೆಕ್ಕುತ್ತ ನಿಂತಿದ್ದಳು. ಎಡಕ್ಕೆ, ಓಕ್ ಮರಗಳ ನೆರಳಿನಲ್ಲಿ, ಯುದ್ಧಕ್ಕೆ ಮುಂಚಿನ ಅಸಲಿ ಕಾರುಗಳ ಸಾಲು. ಬಲಕ್ಕೆ, ಇಳಿಜಾರಿನ ತುದಿಯಲ್ಲಿ, ತಾತ್ಕಾಲಿಕ ಶೌಚಾಲಯಗಳ ಪಕ್ಕದ ಬಿಸಿಲಿನಲ್ಲಿ, ಮನೆಯಲ್ಲಿ ಕಟ್ಟಿದವು, ನಕಲುಗಳು, ಇತ್ಯಾದಿ. ರೋಲಂಡ್ ಪ್ರತಿ ವರ್ಷ ಬಲಕ್ಕೇ ಹೋಗುತ್ತಿದ್ದವನು. ಅಲ್ಲಿನ ಜನ ಒಳ್ಳೆಯವರು, ಒಬ್ಬರ ಕಾರಿನಡಿ ಒಬ್ಬರು ನುಸುಳಿ ದಿನ ಕಳೆಯುತ್ತಾರೆ. ಹಳದಿ ಜಾಕೆಟ್ಟಿನವಳು ಕಾರನ್ನು ನೋಡಿದಳು, ಐಸ್‌ಕ್ರೀಮ್ ಹಿಡಿದ ಕೈಯನ್ನೇ ಎಡಕ್ಕೆ ಬೀಸಿದಳು. ನಂಬರ್ ಪ್ಲೇಟು ಉತ್ತರ ಐರ್ಲೆಂಡಿನ ಕಡೆಯದು, ಅದರಲ್ಲಿ ವರ್ಷದ ಸುಳಿವು ಇರುವುದಿಲ್ಲ, ಅದಕ್ಕೇ ಅವನು ಅದನ್ನು ಹುಡುಕಿ ಹಾಕಿಸಿದ್ದು. ಸ್ಟೇರಿಂಗು ಬಲಕ್ಕೆ ತಿರುಗಬೇಕಿತ್ತು. ಕೈಗಳು ತಿರುಗಿಸಲಿಲ್ಲ. ತಾನು ಏನೂ ಮಾಡಲಿಲ್ಲ, ಕಾರೇ ಹೋಯಿತು ಎಂದು ಆಮೇಲೆ ಯಾರಿಗಾದರೂ ಹೇಳಬಹುದು ಎಂದು ಅವನ ಮನಸ್ಸು ಆಗಲೇ ವಕೀಲಿಕೆ ಶುರುಮಾಡಿತ್ತು.

"ರೋಲಿ, ನಮ್ಮದು ಆ ಕಡೆ," ಎಂದಳು ಗ್ಲೆನಿಸ್.

"ಅವಳೇ ತೋರಿಸಿದ್ಲಲ್ಲ."

"ಅವಳಿಗೇನ್ ಗೊತ್ತು? ಅವಳ ಗಮನ ಎಲ್ಲ ಐಸ್‌ಕ್ರೀಮ್ ಮೇಲಿದೆ."

"ನಿಯಮ ಅಂದ್ರೆ ನಿಯಮ, ಗ್ಲೆನಿ. ತೋರಿಸಿದ ಕಡೆ ನಿಲ್ಲಿಸ್ಬೇಕು."

ನೆರಳಿನಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದಾಗ ಬೆನ್ನು ಬೆವೆತಿತ್ತು. ಪಕ್ಕದಲ್ಲಿ ಮಡಚು ಕುರ್ಚಿ ಹಾಕಿ ಕೂತಿದ್ದ ಮನುಷ್ಯ ಎದ್ದು ಬಂದು ಕೈ ನೀಡಿದ. ಆಬ್ರಿ ಫೆದರ್‌ಸ್ಟನ್. ಹುಬ್ಬುಗಳು ಪೊದೆ, ಸ್ವೆಟರಿಗೆ ಮೊಣಕೈಯಲ್ಲಿ ತೂತು, ಅಪ್ಪನಿಂದ ಬಂದ ಕಾರು. ಇಷ್ಟು ಹರಕಲಾಗಿರಬೇಕಾದರೆ ಮನೆತನ ದೊಡ್ಡದೇ ಇರಬೇಕು. "ನಮ್ಮ ಸಾಲಿಗೆ ಹೊಸಬರು! ಬನ್ನಿ ಬನ್ನಿ. ನಿಮ್ಮ ಹೆಸರು? ರೋಲಂಡ್! ರೋಲಂಡ್, ಮೊದ್ಲು ಸೌತೆಕಾಯಿ ಸ್ಯಾಂಡ್‌ವಿಚ್ ತಗೊಳಿ. ಅಮ್ಮಾ, ನೀವೂ ತಗೊಳಿ." ನಮ್ಮ ಸಾಲು! ರೋಲಂಡ್ ಸ್ಯಾಂಡ್‌ವಿಚ್ಚನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತಗೊಂಡ. ಅವನು ಓರೆಗಣ್ಣಿನಿಂದ ಹೆಂಡತಿಯನ್ನು ನೋಡಿದ. ನೋಡು, ನೋಡಿಕೋ. ಬಕೆಟ್ಟಂತೆ! ಗ್ಲೆನಿಸ್ ಸ್ಯಾಂಡ್‌ವಿಚ್ ತಗೊಂಡು ಥ್ಯಾಂಕ್ಸ್ ಹೇಳಿ, ಥರ್ಮಾಸಿನಿಂದ ಚಹಾ ಬಗ್ಗಿಸುತ್ತಿದ್ದಳು. ಆಬ್ರಿ ಕಾರಿನ ಸುತ್ತ ಒಂದು ಸುತ್ತು ಬಂದ. ಚಕ್ರ ನೋಡಿದ, ದೀಪ ನೋಡಿದ, ಎಡಗಡೆಗೆ ಬಂದ, ಕೈ ಮಡಚಿದ. ರೋಲಂಡ್ ಕಣ್ಣು ಮುಚ್ಚಿಕೊಂಡ. ಮಡ್‌ಗಾರ್ಡಿನ ಬೆನ್ನಿನಲ್ಲಿ, ಸರಿಯಾದ ಜಾಗದಲ್ಲೇ, ಟಣ್ ಟಣ್.

"ಆಹಾ!" ಎಂದ ಆಬ್ರಿ. "ಕೇಳಿ ಈ ಸದ್ದನ್ನ! ಇಂಥಾ ತಗಡು ಈಗೆಲ್ಲಿ ಸಿಗತ್ತೆ?"

ಗ್ಲೆನಿಸ್ ಥರ್ಮಾಸನ್ನು ಓರೆಯಾಗಿ ಹಿಡಿದಲ್ಲೇ ನಿಂತಿದ್ದಳು. ಚಹಾ ಲೋಟ ತುಂಬಿ ಹುಲ್ಲಿಗೆ ಸುರಿಯಿತು. "ಇನ್ನೊಂದ್ ಸಲ ತಟ್ಟಿ ನೋಡೋಣ," ಎಂದಳು.

ಆಬ್ರಿಗೆ ಖುಷಿಯೋ ಖುಷಿ. ಹೆಂಗಸರು ಕಾರಿನಲ್ಲಿ ಇಷ್ಟು ಆಸಕ್ತಿ ತೋರಿಸುವುದು ಅಪರೂಪ. ಇನ್ನಷ್ಟು ಜೋರಾಗಿ ತಟ್ಟಿದ. ಗ್ಲೆನಿಸ್ ತಲೆ ವಾಲಿಸಿ ಕೇಳಿದಳು, ಸಂತೆಯಲ್ಲಿ ಮಡಕೆ ಆರಿಸುವವರ ಹಾಗೆ. "ಈ ಸದ್ದು ನಾನೆಲ್ಲೋ ಕೇಳಿದೀನಿ," ಎಂದಳು ನಿಧಾನಕ್ಕೆ.

"ಯುದ್ಧಕ್ಕೆ ಮುಂಚಿನ ಉಕ್ಕು, ಅಮ್ಮಾ. ಅದರ ಗುಣವೇ ಬೇರೆ."

"ಯುದ್ಧಕ್ಕೆ ಮುಂಚಿಂದಲ್ಲ. ನಮ್ಮ ಮದುವೇಲಿ ಬಂದಿದ್ದು," ಎಂದು ಅವಳು ಗೊಣಗಿದ್ದು ರೋಲಂಡನಿಗೆ ಮಾತ್ರ ಕೇಳಿಸಿತು. ಅವಳು ಅವನ ಮೊಣಕೈ ಹಿಡಿದು ಕಾರಿನ ಹಿಂಬದಿಗೆ ಎಳೆದಳು. "ಅದು ನನ್ನ ಟ್ರೇ."

"ಯಾವ ಟ್ರೇ?"

"ರೋಲಿ."

"ಅದು... ಬಲ ಬರ್ಲಿ ಅಂತ ಒಳಗಡೆ..."

"ಮೆರಿಲ್ ಹತ್ರ ನಾನು ಆರು ತಿಂಗಳು ಮಾತಾಡಿಲ್ಲ!"

"ಇಲ್ಲಿ ಬೇಡ ಗ್ಲೆನಿ, ದಮ್ಮಯ್ಯ, ಇಲ್ಲಿ ಬೇಡ."

ಅವನಿಗೇ ಆಶ್ಚರ್ಯವಾಗುವ ಹಾಗೆ ಅವಳ ತುಟಿಯಂಚಿನಲ್ಲಿ ನಗು ಬಂದಂತಾಯಿತು. ಅಷ್ಟರಲ್ಲಿ ಆ ಕಡೆಯಿಂದ ಆಬ್ರಿ, "ರೋಲಂಡ್, ಈ ಮಡ್‌ಗಾರ್ಡಿನ ಬಾಗು ಇದೆಯಲ್ಲ, ಎಷ್ಟು ಹದವಾಗಿದೆ ರೀ! ಕೈಯಲ್ಲಿ ಮಾಡಿದ್ದೇ ಇರ್ಬೇಕು. ಯಾರ ಕೈ ಕೆಲಸ ಇದು?" ಎಂದು ಕೂಗಿ ಕೇಳಿದ. ಕೇಳಬಾರದಿತ್ತು. ಯಾಕೆಂದರೆ ಆ ಮಡ್‌ಗಾರ್ಡು ನಿಜವಾಗಿ ಕೈಯಲ್ಲಿ ಮಾಡಿದ್ದು. ಮೈಯ ಭಾಗಗಳನ್ನು ಅಚ್ಚು ಹಾಕಿ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದ ಕಂಪನಿ ಉಳಿದದ್ದೆಲ್ಲ ಕಳಿಸಿ, ಎಡ ಮಡ್‌ಗಾರ್ಡೊಂದನ್ನು ಉಳಿಸಿಕೊಂಡು ಬಾಗಿಲು ಮುಚ್ಚಿಕೊಂಡಿತ್ತು. ಆಗ ಗಂಡಹೆಂಡಿರೇ ಗ್ಯಾರೇಜಿನಲ್ಲಿ ಪ್ಲಾಸ್ಟರಿನ ಅಚ್ಚು ಕೆತ್ತಿ, ಗಾಜಿನ ನಾರಿನ ಬಟ್ಟೆ ಹಾಸಿ, ರೆಸಿನ್ ಬಳಿದು ಅದನ್ನು ಎಬ್ಬಿಸಿದ್ದು. ಫೆಬ್ರವರಿಯ ಚಳಿಯಲ್ಲಿ ರೆಸಿನ್ ಒಣಗಲು ಒಪ್ಪದೆ ಹಸಿ ಹಿಟ್ಟಿನ ಹಾಗೆ ಕೂತಾಗ ಗ್ಲೆನಿಸ್ ತನ್ನ ಹಾಸಿಗೆಯ ಎಲೆಕ್ಟ್ರಿಕ್ ಕಂಬಳಿ ತಂದು ಹೊದಿಸಿದ್ದಳು. ಮಡ್‌ಗಾರ್ಡು ಬೆಚ್ಚಗೆ ಮಲಗಿತ್ತು, ಇವರಿಬ್ಬರೂ ಕೋಟು ಹಾಕಿಕೊಂಡು ನಡುಗಿದ್ದರು. ಆ ನಾರಿನ ಧೂಳಿದ್ದ ಬಟ್ಟೆಯನ್ನು ರೋಲಂಡ್ ಮನೆಯ ಬಟ್ಟೆಯ ಜೊತೆಗೇ ವಾಷಿಂಗ್ ಮೆಷಿನ್ನಿಗೆ ಹಾಕಿದ್ದರಿಂದ ಗ್ಲೆನಿಸ್ ಚರ್ಚಿನ ಹಾಡುಗಾರರ ಸಾಲಿನಲ್ಲಿ ನಿಂತು, ಮೈಯೆಲ್ಲ ತುರಿಸಿದರೂ ಕೆರೆದುಕೊಳ್ಳಲಾಗದೆ ಇಡೀ ಈಸ್ಟರ್ ಹಾಡಿದ್ದಳು. ಇದೆಲ್ಲ ಒಂದು ಕ್ಷಣದಲ್ಲಿ ಅವನ ಕಣ್ಣ ಮುಂದೆ ಬಂದು ಹೋಯಿತು. ಬಾಯಿ ಮಾತ್ರ ಬೇರೆಯೇ ಹೇಳಿತು:

"ಮೂಲದ್ದೇ. ಮೂವತ್ತಾರನೇ ಇಸವಿದು. ಕವೆಂಟ್ರಿ ಕಾರ್ಖಾನೆಯ ಯಾರೋ ಕುಶಲಕರ್ಮಿ ಮಾಡಿದ್ದು. ನಾನು ಒರೆಸೋದಷ್ಟೇ."

ಗ್ಲೆನಿಸಳ ತುಟಿಯಂಚಿನಲ್ಲಿದ್ದದ್ದು ಆರಿಹೋಯಿತು. ಅವಳು ಥರ್ಮಾಸಿನ ಮುಚ್ಚಳ ತಿರುಗಿಸಿ ಬಿಗಿಮಾಡಿದಳು. ಗಂಡನ ಪಾಲಿನ ಚಹಾ ಅದರೊಳಗೇ ಉಳಿಯಿತು. ಕಾರಿನ ಪಾವಟಿಗೆಯ ಮೇಲೆ ಕೂತು ದೂರದ ಬಿಸಿಲನ್ನು ನೋಡತೊಡಗಿದಳು. ಟ್ರೇ ವಿಚಾರಕ್ಕೆ ಸಿಟ್ಟು ಎಂದು ರೋಲಂಡ್ ಲೆಕ್ಕ ಹಾಕಿದ. ನಾಳೆಯೇ ಹೊಸದು ತಂದರಾಯಿತು, ಎರಡು ತಂದರಾಯಿತು, ಮೆರಿಲ್‌ಗೂ ಒಂದು. ಒಳ್ಳೆ ಟ್ರೇ ಕೈಗೆ ಬಂದರೆ ವೇಲ್ಸ್ ವಿಚಾರ ಮತ್ತೆ ಎತ್ತಬಹುದು. ಅವನು ಹೀಗೆ ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಮರಕ್ಕೆ ಕಟ್ಟಿದ್ದ ಧ್ವನಿವರ್ಧಕ ಕೆಮ್ಮಿತು. ಹೋಪ್‌ಸ್ಟೋ ಹಾಲ್ ಬಂಗಲೆಯ ಯಜಮಾನಿ ಮಿಸೆಸ್ ಲಾಂಗ್ಮೋರ್ ಮೈದಾನದ ನಡುವೆ ಮೈಕು ಹಿಡಿದು ನಿಂತಿದ್ದಳು. ಓಕ್ ಸಾಲಿನ ಕಾರುಗಳು ಒಂದೊಂದಾಗಿ ತಮ್ಮ ಮುಂದೆ ಹಾದುಹೋಗಬೇಕಂತೆ, ಪ್ರತಿಯೊಬ್ಬರ ಹತ್ತಿರವೂ ತಾವು ನಾಲ್ಕು ಮಾತಾಡುವರಂತೆ. "ನಿಮ್ಮ ವಿವರ ಎಲ್ಲ ನಾನೇ ಹೇಳಿ ಬಂದಿದೀನಿ, ರೋಲಂಡ್," ಎಂದ ಆಬ್ರಿ, ಪುಣ್ಯದ ಕೆಲಸ ಮಾಡಿದವನ ಮುಖ ಹೊತ್ತು. "ಮೂವತ್ತಾರು, ಕವೆಂಟ್ರಿ, ಎಲ್ಲ ಮೂಲದ್ದು."

ಓಡಿಹೋಗಬಹುದಿತ್ತು. ಹೊಟ್ಟೆನೋವು ಎನ್ನಬಹುದಿತ್ತು, ಶೌಚಾಲಯವಂತೂ ಎದುರಿಗೇ ಇತ್ತು. ರೋಲಂಡ್ ಹೋಗಿ ಸ್ಟೇರಿಂಗಿನ ಹಿಂದೆ ಕೂತು ಕೀ ತಿರುಗಿಸಿದ. ಸೆಲ್ಫ್ ತೆಗೆದುಕೊಳ್ಳಲಿಲ್ಲ. ಕಟ್ ಎಂದಿತು, ಅಷ್ಟೆ. ಮತ್ತೆ ತಿರುಗಿಸಿದ, ಹಾರ್ನು "ಪಿಯ್ಯ್" ಎಂದಿತು, ವೈಪರು ಎದ್ದು ಮಲಗಿತು. ಎಲ್ಲಿಯದೋ ಅರ್ತ್ ವೈರು ಪೂರ್ತಿ ಬಿಟ್ಟುಕೊಂಡಿದೆ. ದೇವರೇ, ಇದೇ ಒಳ್ಳೆಯದಾಯಿತು ಎಂದು ಅವನು ಒಳಗೊಳಗೇ ಕೈಮುಗಿಯುವಷ್ಟರಲ್ಲಿ ಆಬ್ರಿ ಸ್ವೆಟರಿನ ತೋಳು ಮಡಚುತ್ತಿದ್ದ. "ಬ್ಯಾಟರಿ! ಹಳೇ ಕಾರಿನ ಹಣೆಬರಹವೇ ಇಷ್ಟು. ಬನ್ರಪ್ಪ, ತಳ್ಳಿ ಸ್ಟಾರ್ಟ್ ಮಾಡೋಣ!" ಸಾಲಿನ ಇನ್ನಿಬ್ಬರು ಮುದುಕರು ಬಂದರು. ತಳ್ಳುವವರ ಜೊತೆ ಯಜಮಾನ ನಿಲ್ಲದೆ ಮೇಲೆ ಕೂತರೆ ಚೆನ್ನಾಗಿರುವುದಿಲ್ಲ.

"ಏಳು, ನಾನು ಕೂತ್ಕೋತೀನಿ," ಎಂದಳು ಗ್ಲೆನಿಸ್.

"ನೀನಾ?"

"ದಿನಾ ಕಾರ್ ಓಡಿಸೋದು ಯಾರು? ಏಳು."

"ಕ್ಲಚ್ಚು ಸ್ವಲ್ಪ ಗಟ್ಟಿ. ಎರಡನೇ ಗೇರಿನಲ್ಲಿ..."

"ರೋಲಿ, ಏಳು ಅಂದೆ."

ಅವಳ ದನಿ ತಣ್ಣಗಿತ್ತು. ಅವನು ಎದ್ದ. ನಾಲ್ವರೂ ಹಿಂದೆ ಸಾಲಾಗಿ ನಿಂತರು. "ಎಲ್ರೂ ಮಂಡಿ ಬಗ್ಗಿಸಿ," ಎಂದು ಆಬ್ರಿ ಅನುಭವಸ್ಥನ ಗತ್ತಿನಿಂದ ಎಚ್ಚರಿಸಿದ. "ಈ ಕಾಲದ ಕಾರು ಅಂದ್ರೆ ಆನೆ. ಸೊಂಟ ಜೋಪಾನ. ನಾನು ಹೇಳಿದಾಗ ಪೂರ್ತಿ ಬಲ ಹಾಕಿ." ತನ್ನ ಕಾರು ಎಷ್ಟು ಹಗುರವೆಂದು ರೋಲಂಡನಿಗೆ ಗೊತ್ತಿತ್ತು, ಅದನ್ನು ಅವನೊಬ್ಬನೇ ಗ್ಯಾರೇಜಿನಿಂದ ಒಂದು ಕೈಯಲ್ಲಿ ತಳ್ಳಿ ಇನ್ನೊಂದು ಕೈಯಲ್ಲಿ ಚಹಾ ಕುಡಿಯುತ್ತಾನೆ. ಹೇಳಬೇಕಿತ್ತು. ಹೇಳುವುದು ಹೇಗೆ? ಆನೆ ಅಲ್ಲ ಸ್ವಾಮಿ, ಬಕೆಟ್ಟು, ಅಂತಲೇ? "ಈಗ!" ಎಂದು ಆಬ್ರಿ ಕೂಗಿದ. ಮೂವರು ಮುದುಕರು ಇಡೀ ಜನ್ಮದ ಬಲ ಹಾಕಿದರು. ಕಾರು ಅವರ ಕೈಯಿಂದ ತಪ್ಪಿಸಿಕೊಂಡು ಇಳಿಜಾರಿನಲ್ಲಿ ಸರ್ರನೆ ಹೋಯಿತು, ಮುದುಕರು ಅದರ ಹಿಂದೆ ಎರಡು ಹೆಜ್ಜೆ ಗಾಳಿಯನ್ನೇ ತಳ್ಳಿ ಒಬ್ಬರ ಮೇಲೊಬ್ಬರು ಹುಲ್ಲಿಗೆ ಬಿದ್ದರು. ಗ್ಲೆನಿಸ್ ಕ್ಲಚ್ಚು ಬಿಟ್ಟಳು, ಎಂಜಿನ್ನು ಜಗ್ಗಿ, ಕೆಮ್ಮಿ, ಹತ್ತಿಕೊಂಡಿತು. ರೋಲಂಡ್ ಒಬ್ಬನೇ ನಿಂತಿದ್ದ.

ಆಬ್ರಿ ನೆಲದಿಂದ ತಲೆ ಎತ್ತಿದ, ಹುಬ್ಬಿನಲ್ಲಿ ಹುಲ್ಲು. "ಏನ್ರೀ ಅದು? ಅದಕ್ಕೆ ತೂಕವೇ ಇಲ್ಲ!" ಎಂದ. ಅವನ ಕಣ್ಣಿನಲ್ಲಿ ಮೊದಲು ನೋವು, ಆಮೇಲೆ ಅನುಮಾನ, ಆಮೇಲೆ ಆ ಹಳೆಯ, ರೋಲಂಡನಿಗೆ ಚಿರಪರಿಚಿತವಾದ "ಓ" ಹಂತ ಹಂತವಾಗಿ ಮೂಡುತ್ತಿರುವಾಗ, ಅತ್ತ ಕಾರು ಮೈಕಿನ ಮುಂದೆ "ಪಿಯ್ಯ್" ಎಂದು ನಿಂತಿತ್ತು. ಮಿಸೆಸ್ ಲಾಂಗ್ಮೋರಳ ದನಿ ಮರಗಳಲ್ಲೆಲ್ಲ ಮೊಳಗಿತು. "ಎಷ್ಟು ಮುದ್ದಾಗಿದೆ! ಸಾವಿರದ ಒಂಬೈನೂರ ಮೂವತ್ತಾರರ ಕಾರು, ಕವೆಂಟ್ರಿಯಲ್ಲಿ ತಯಾರಾದದ್ದು. ಎಲ್ಲವೂ ಮೂಲದ್ದೇ ಅಂತೆ. ಅಲ್ವೇನಮ್ಮಾ?" ಮೈಕು ಬಾಗಿಲಿನೊಳಗೆ ಬಗ್ಗಿತು. ಗ್ಲೆನಿ, ಹೂಂ ಅನ್ನು ಎಂದು ರೋಲಂಡ್ ಹುಲ್ಲಿನ ಮೇಲೆ ನಿಂತು ಬೇಡಿಕೊಂಡ. ಒಂದು ಹೂಂ. ಚರ್ಚಿನಲ್ಲಿ ಪಾದ್ರಿ ಕೇಳಿದಾಗ ಹೇಳಿದ್ದಳಲ್ಲ, ಅಂಥದೇ ಒಂದು.

"ಮೂವತ್ತಾರಾ?" ಎಂದಿತು ಗ್ಲೆನಿಸಳ ದನಿ, ಎಲ್ಲ ಮರಗಳಿಂದ ಒಟ್ಟಿಗೆ. "ಯಾರಮ್ಮ ಹೇಳಿದ್ದು ನಿಮಗೆ? ಇದು ನಮ್ಮ ಗ್ಯಾರೇಜಲ್ಲಿ ಹುಟ್ಟಿದ್ದು. ಫೈಬರ್‌ಗ್ಲಾಸು. ಆ ಎಡಗಡೆ ಮಡ್‌ಗಾರ್ಡ್ ಇದೆಯಲ್ಲ, ಅದನ್ನ ನಾನೂ ನನ್ನ ಗಂಡನೂ ಮಾಡಿದ್ದು. ನಾನು ಬ್ರಶ್ ಹಿಡ್ಕೊಂಡು ರೆಸಿನ್ ಬಳಿದಿದೀನಿ. ನನ್ನ ಕಂಬಳಿ ಅದಕ್ಕೆ ಹೊದಿಸಿ ನಾನು ಕೋಟು ಹಾಕ್ಕೊಂಡು ಮಲಗಿದೀನಿ. ಇಡೀ ಈಸ್ಟರ್ ಮೈ ಕೆರೆತ ತಡ್ಕೊಂಡು ಹಾಡಿದೀನಿ. ಒಳಗಡೆ ನನ್ನ ಟ್ರೇನೂ ಇದೆ, ಅದು ಇವತ್ತು ಗೊತ್ತಾಯ್ತು, ಹೋಗ್ಲಿ ಬಿಡಿ. ಈಗ ನೋಡಿದ್ರೆ ಇವನು ಅದನ್ನ ಕವೆಂಟ್ರಿಯೋರು ಮಾಡಿದ್ದು ಅಂತಾನೆ! ಕವೆಂಟ್ರಿಯೋರು ಯಾರನ್ನೂ ನಾನು ನಮ್ಮ ಗ್ಯಾರೇಜಲ್ಲಿ ನೋಡ್ಲಿಲ್ಲಪ್ಪ."

ಮೈದಾನದಲ್ಲಿ ನಗು ಎದ್ದಿತು. ಶೌಚಾಲಯದ ಕಡೆಯಿಂದ ಯಾರೋ ಕೇಕೆ ಹಾಕಿದರು. ಮಿಸೆಸ್ ಲಾಂಗ್ಮೋರ್ ತಬ್ಬಿಬ್ಬಾಗಿ, "ಹಾಗಾದ್ರೆ... ಯಾವ ವರ್ಷ ಅಂತ ಹೇಳ್ಲಿ?" ಎಂದಳು. "ವರ್ಷ ಯಾವುದಾದ್ರೂ ಹೇಳಿ. ಯಾರು ಮಾಡಿದ್ದು ಅನ್ನೋದು ಸರಿಯಾಗಿ ಹೇಳಿ. ಗ್ಲೆನಿಸ್ ಬೆಬ್. ಮತ್ತೆ ರೋಲಂಡ್ ಬೆಬ್, ಅಲ್ಲಿ ಕಂಬದ ಥರ ನಿಂತಿದಾನಲ್ಲ, ಅವನು." ನೂರಾರು ತಲೆ ಇತ್ತ ತಿರುಗಿದವು. ರೋಲಂಡನ ಕಿವಿ ಕಾದು ಕೆಂಡವಾಯಿತು. ಈ ಗಳಿಗೆಯ ಭಯದಲ್ಲೇ ಅವನು ಎಷ್ಟೋ ಕಾಲ ಬದುಕಿದ್ದ, ಇದು ಬಂದರೆ ಸತ್ತೇಹೋಗುತ್ತೇನೆ ಎಂದುಕೊಂಡಿದ್ದ. ಬಂತು. ಸಾಯಲಿಲ್ಲ. ನಕಲಿ ಎಂದು ಸಿಕ್ಕಿಬಿದ್ದದ್ದು ಅಷ್ಟೇನೂ ಉರಿಯುತ್ತಿರಲಿಲ್ಲ. ಉರಿಯುತ್ತಿದ್ದದ್ದು ಇನ್ನೊಂದು ಕಡೆ. ಚಳಿಯಲ್ಲಿ ಮೂಗು ಸೋರಿಸಿಕೊಂಡು ಬ್ರಶ್ ಹಿಡಿದು ಎದುರಿಗೆ ನಿಂತಿದ್ದವಳನ್ನು, ಅವಳ ಎದುರಿಗೇ, ಒಂದು ಸೌತೆಕಾಯಿ ಸ್ಯಾಂಡ್‌ವಿಚ್ಚಿಗಾಗಿ ಅವನು ಅಳಿಸಿಹಾಕಿದ್ದ. ಅವಳಿಗೆ ಕಾರಿನ ಬಗ್ಗೆ ನಾಚಿಕೆ ಎಂದುಕೊಂಡಿದ್ದನಲ್ಲ, ಮೂರ್ಖ. ನಾಚಿಕೆ ಇದ್ದದ್ದು ಅವನೊಬ್ಬನಿಗೇ. ಥೂ, ಎಂದುಕೊಂಡ, ಸಾಕಷ್ಟು ಜೋರಾಗಿಯೇ.

ಆಬ್ರಿ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. "ಬಹಳ ಸ್ವಾರಸ್ಯವಾಗಿತ್ತು, ಮಿಸ್ಟರ್ ಬೆಬ್," ಎಂದ. ರೋಲಂಡ್ ಎಂಬ ಹೆಸರು ಅವನ ಬಾಯಿಂದ ಅಷ್ಟರಲ್ಲೇ ಮಾಯವಾಗಿತ್ತು. ಹೋಗಿ ಸ್ಯಾಂಡ್‌ವಿಚ್ಚಿನ ಡಬ್ಬಿಯ ಮುಚ್ಚಳ ಹಾಕಿದ.

"ಹೌದು, ನಾವೇ ಮಾಡಿದ್ದು," ಎಂದು ರೋಲಂಡ್ ಅವನ ಬೆನ್ನಿಗೆ ಹೇಳಿದ. "ಆ ಬಾಗು ಹದವಾಗಿದೆ ಅಂದ್ರಲ್ಲ, ಅದು ಪೂರ್ತಿ ನನ್ನ ಹೆಂಡ್ತಿ ಕೈ." ಆಬ್ರಿ ತಿರುಗಲಿಲ್ಲ. ಹೇಳಬೇಕಾದವಳಿಗೆ ಹೇಳದೆ ಇವನಿಗೆ ಹೇಳಿ ಏನು ಉಪಯೋಗ?

ಕಾರು ಮೈದಾನ ಸುತ್ತಿ ಬರುತ್ತಿತ್ತು. ಆರಿಸಿದರೆ ಮತ್ತೆ ಹತ್ತುವುದಿಲ್ಲವೆಂದು ಗೊತ್ತಿದ್ದ ಗ್ಲೆನಿಸ್ ನಿಲ್ಲಿಸದೆ, ಅವನ ಹತ್ತಿರ ಬಂದಾಗ ನಿಧಾನ ಮಾಡಿ, "ಹತ್ತು!" ಎಂದು ಕೂಗಿದಳು. ಅವನು ಥರ್ಮಾಸು ಎತ್ತಿಕೊಂಡು ಓಡಿ, ಎಡಗಡೆಯ ಬಾಗಿಲು ಎಳೆದು ಒಳಗೆ ಬಿದ್ದ. ಹಳದಿ ಜಾಕೆಟ್ಟಿನವಳು ಇವರಿಗೆ ದಾರಿ ಬಿಟ್ಟಳು. ಕಾರು ಬೆಟ್ಟದ ರಸ್ತೆ ಹತ್ತಿತು. ತಪ್ಪಾಯಿತು ಎನ್ನುವುದಕ್ಕೆ ಸರಿಯಾದ ಶುರು ಹುಡುಕುತ್ತಿದ್ದ ರೋಲಂಡನಿಗೆ ಗಮನ ಕೂಡಲಿಲ್ಲ, ಏಕೆಂದರೆ ಬಲಗಾಲಿನ ಮೀನಖಂಡ ಸುಡುತ್ತಿತ್ತು. ನೋಡಿದರೆ ಗೇರ್ ಪೆಟ್ಟಿಗೆಯ ಕಾವೆಲ್ಲ ಒಂದು ಸಂದಿಯಿಂದ ನೇರ ಅಲ್ಲಿಗೇ ಬರುತ್ತಿದೆ. ಕಾಲನ್ನು ಪಕ್ಕಕ್ಕೆ ತಿರುಗಿಸಿದ. ಬಾಗಿಲಿನ ಹಿಡಿಕೆ ಪಕ್ಕೆಲುಬಿಗೆ ತಿವಿಯಿತು. ಕತ್ತಿನ ಹಿಂದೆ, ಸರಿಯಾಗಿ ಕಾಲರಿನ ಒಳಕ್ಕೆ, ತೆಳ್ಳಗೆ ಒಂದು ಗಾಳಿ ಕೊರೆಯುತ್ತಿತ್ತು. ತಿರುವಿನಲ್ಲಿ ಬಾಗಿಲು ಎಳೆದು ಹಿಡಿಯಲು ಬಗ್ಗಿದಾಗ ಮೊಣಕಾಲು ಎದುರಿನ ಹಲಗೆಯ ಅಡಿಗೆ ಉಜ್ಜಿತು, ಸಾವಿರ ಸೂಜಿ ಒಟ್ಟಿಗೆ ಚುಚ್ಚಿದವು. ಬಗ್ಗಿ ನೋಡಿದ. ಹಲಗೆಯ ಅಡಿ ಬರೀ ಫೈಬರ್‌ಗ್ಲಾಸು, ನಾರುಗಳು ಮುಳ್ಳಿನ ಹಾಗೆ ನೆಟ್ಟಗೆ ನಿಂತಿವೆ. ಮರಳು ಕಾಗದದಲ್ಲಿ ಉಜ್ಜಿಯೇ ಇಲ್ಲ. ತಾನು ಕೂರುವ ಕಡೆ ಉಜ್ಜಿ, ಬಣ್ಣ ಬಳಿದು, ಬಟ್ಟೆ ಅಂಟಿಸಿದ್ದು ಅವನಿಗೆ ನೆನಪಿತ್ತು. ಜನ ತಟ್ಟುವ ಕಡೆ, ಜನ ನೋಡುವ ಕಡೆ, ಬಿರುಕಿಗೂ ಮೇಣ. ಈ ಸೀಟಿನಲ್ಲಿ ಅವನು ಇವತ್ತಿನವರೆಗೆ ಒಂದು ಸಲವೂ ಕೂತಿರಲಿಲ್ಲ.

"ಗ್ಲೆನಿ," ಎಂದ. "ಇಲ್ಲಿ ಕೂರಕ್ಕೇ ಆಗಲ್ಲ ಕಣೆ."

"ಹೌದಾ?"

"ಅವತ್ತು ಚರ್ಚಿನ ಹತ್ರ ಇಳಿದಿದ್ದು ಇದಕ್ಕಾ?"

"ಮತ್ತಿನ್ಯಾಕೆ? ಮೊಣಕಾಲಿನ ಬೊಬ್ಬೆ ಹೋಗಕ್ಕೆ ಎಷ್ಟು ದಿನ ಹಿಡೀತು ಗೊತ್ತಾ?"

"ಹೇಳ್ಬಾರ್ದಿತ್ತಾ ನಂಗೆ?"

"ಹೇಳ್ದೆ. ಅವತ್ತೇ ಸಂಜೆ ಹೇಳ್ದೆ. ನೀನು ಹೂಂ ಹೂಂ ಅಂತ ಮಡ್‌ಗಾರ್ಡ್ ತಟ್ಟಿ ನೋಡ್ತಿದ್ದೆ."

ರೋಲಂಡನಿಗೆ ತಲೆ ಎತ್ತಲಾಗಲಿಲ್ಲ. ಕ್ಷಮಿಸು ಎಂದ, ಮೊದಲು ಮಡ್‌ಗಾರ್ಡಿನ ವಿಚಾರಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ಟ್ರೇಗೆ, ಮೆರಿಲ್‌ಗೂ ಸೇರಿಸಿ. ಗ್ಲೆನಿಸ್ ಗೇರು ಬದಲಿಸಿದಳು, ಅವನಿಗಿಂತ ನಯವಾಗಿ. ಬಲಗಡೆ ಅವಳಿಗೆ ಕಾವಿಲ್ಲ, ಕತ್ತು ಕೊರೆಯುವ ಗಾಳಿಯಿಲ್ಲ, ಮಫ್ಲರು ಬಿಚ್ಚಿ ಅವನ ಮಡಿಲಿಗೆ ಎಸೆದಳು. ಬೇಲಿಗಳು ಸರಿಯುತ್ತಿದ್ದವು, ಅವಳ ಕೂದಲು ಹಾರುತ್ತಿತ್ತು, ಅವಳು ಇಷ್ಟು ಆರಾಮಾಗಿ ಕೂತದ್ದನ್ನು ಅವನು ನೋಡಿ ಬಹಳ ಕಾಲವಾಗಿತ್ತು. ಕೇಳಲೋ ಬೇಡವೋ ಎಂದು ಒಂದು ಮೈಲಿ ಯೋಚಿಸಿ, ಕೊನೆಗೆ ಕೇಳಿಯೇಬಿಟ್ಟ.

"ವೇಲ್ಸಿಗೆ ಹೋಗೋಣ್ವಾ?"

"ಹೋಗೋಣ," ಎಂದಳು ಗ್ಲೆನಿಸ್. "ನೀನು ಅಲ್ಲೇ ಕೂರೋದಾದ್ರೆ."

ರೋಲಂಡ್ ಮಫ್ಲರನ್ನು ಕತ್ತಿಗೆ ಸುತ್ತಿಕೊಂಡು, ಮೊಣಕಾಲು ಕೆರೆದುಕೊಳ್ಳುತ್ತ, ಹೂಂ ಎಂದ.